ಮುಂಬೈ ಕಡೆ ಫ್ಲಾಟ್ ಕೊಳ್ಳುವಾಗ: ಯಾವ ಮನೆ, ಯಾವ ವಕೀಲರು, ಯಾರ ಸಾಲ?

ಮನೆ ಕೊಳ್ಳಲು ಹೊರಟ ಇಲ್ಲಿನ ನಮ್ಮ ಕನ್ನಡಿಗರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸದ್ಯಕ್ಕೆ ಯಾವ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ?" ಡೊಂಬಿವಲಿಯಲ್ಲೂ ಇದೇ, ಮೀರಾ ರೋಡಿನಲ್ಲೂ ಇದೇ. ಪುಣೆಯ ವಾಕಡ್‌ನಲ್ಲಿರುವ ಐಟಿ ಹುಡುಗರು ಮೊಬೈಲಿನಲ್ಲಿ ಪಟ್ಟಿಯನ್ನೇ ಮಾಡಿಟ್ಟುಕೊಂಡಿರುತ್ತಾರೆ.

ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೊದಲು ಯಾವ ಬಗೆಯ ಫ್ಲಾಟ್ ಅಂತ ತೀರ್ಮಾನ ಆಗಬೇಕು. ಆಮೇಲೆ ಅದರ ಕಾಗದಪತ್ರ ಯಾರು ನೋಡುತ್ತಾರೆ ಅನ್ನುವುದು. ಇವೆರಡು ಇತ್ಯರ್ಥವಾದರೆ ಸಾಲ ಕೊಡುವವರ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಏಕೆಂದರೆ ಎಲ್ಲ ಮನೆಗೂ ಎಲ್ಲರೂ ಸಾಲ ಕೊಡುವುದಿಲ್ಲ. ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಉಳಿಸಿ, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡದಲ್ಲಿ ಹೋಗಿ ಕೂತರೆ ಏನು ಉಳಿಸಿದ ಹಾಗಾಯಿತು?

ಹಾಗಾಗಿ ಇಲ್ಲಿ ಅದೇ ಕ್ರಮದಲ್ಲಿ ಹೋಗೋಣ. ಹೇಳುವುದೆಲ್ಲ ಮಹಾರಾಷ್ಟ್ರದ ಲೆಕ್ಕ.

ಊರಿನ ಕಾಗದ ಇಲ್ಲಿ ಕೇಳಬೇಡಿ

ಕರ್ನಾಟಕದಲ್ಲಿ ಸೈಟೋ ಮನೆಯೋ ಕೊಂಡು ಅಭ್ಯಾಸ ಇರುವ ಮಾವನವರೋ ದೊಡ್ಡಪ್ಪನವರೋ ಜೊತೆಗೆ ಬಂದರೆ ಮೊದಲ ಮಾತು "ಇಸಿ ತೆಗೆಸಿದ್ದೀರಾ, ಖಾತೆ ಯಾರ ಹೆಸರಲ್ಲಿದೆ?" ಬ್ರೋಕರ್ ಪಿಳಿಪಿಳಿ ಕಣ್ಣು ಬಿಡುತ್ತಾನೆ. ಪ್ರಶ್ನೆ ಸರಿಯೇ. ಆದರೆ ಉತ್ತರ ಸಿಗುವ ಕಾಗದ ಇಲ್ಲಿ ಬೇರೆ.

ಇಸಿ, ಅಂದರೆ ಋಣಭಾರ ಪತ್ರ, ಮಾಡುವ ಕೆಲಸವನ್ನು ಇಲ್ಲಿ ವಕೀಲರು ಮಾಡುವ ಟೈಟಲ್ ಸರ್ಚ್ ರಿಪೋರ್ಟ್ ಮಾಡುತ್ತದೆ. ಸಾಮಾನ್ಯವಾಗಿ 30 ವರ್ಷದ ದಾಖಲೆ ಹುಡುಕಿಸುತ್ತಾರೆ. ಅದರ ಬೆನ್ನೆಲುಬು ಇಂಡೆಕ್ಸ್ ಟು. ರಿಜಿಸ್ಟರ್ ಆದ ಪ್ರತಿಯೊಂದು ವ್ಯವಹಾರಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಸಾರಾಂಶ ಅದು. ಯಾರು ಮಾರಿದರು, ಯಾರು ಕೊಂಡರು, ಎಷ್ಟಕ್ಕೆ, ಎಷ್ಟು ಸ್ಟಾಂಪ್ ಡ್ಯೂಟಿ ಕಟ್ಟಿದರು, ಎಲ್ಲ ಅದರಲ್ಲಿರುತ್ತದೆ. ರಾಜ್ಯದ ನೋಂದಣಿ ಇಲಾಖೆಯ ಸೈಟಿನಲ್ಲಿ ನೀವೇ ಹುಡುಕಿ ನೋಡಬಹುದು. ನಮ್ಮ ಪಹಣಿಯ ಜಾಗದಲ್ಲಿ ಸಾತ್-ಬಾರಾ, ಪಟ್ಟಣದೊಳಗಿನ ಜಮೀನಿಗೆ ಪ್ರಾಪರ್ಟಿ ಕಾರ್ಡ್. ಹೌಸಿಂಗ್ ಸೊಸೈಟಿ ಆಗಿದ್ದರೆ ಸದಸ್ಯರಿಗೆ ಸೊಸೈಟಿ ಕೊಡುವ ಶೇರ್ ಸರ್ಟಿಫಿಕೇಟ್ ಹಿಂಬದಿಯಲ್ಲಿ ಹಳೆಯ ಮಾಲೀಕರಿಂದ ಈಗಿನವರ ತನಕ ಹೆಸರು ದಾಖಲಾಗಿರಬೇಕು.

ಇನ್ನೊಂದು ವ್ಯತ್ಯಾಸ ಇದೆ. ಇಲ್ಲಿ ಫ್ಲಾಟಿನ 'ಅಗ್ರಿಮೆಂಟ್ ಫಾರ್ ಸೇಲ್'ಗೇ ಪೂರ್ತಿ ಸ್ಟಾಂಪ್ ಡ್ಯೂಟಿ ಕಟ್ಟಿ ರಿಜಿಸ್ಟರ್ ಮಾಡಿಸುತ್ತಾರೆ. ಊರಿನಲ್ಲಿ ಅಗ್ರಿಮೆಂಟ್ ಅಂದರೆ ಮುಂಗಡದ ಕಾಗದ, ಕ್ರಯಪತ್ರ ಆಮೇಲೆ. ಆ ಲೆಕ್ಕದಲ್ಲಿ "ಅಗ್ರಿಮೆಂಟ್ ತಾನೇ, ಸಹಿ ಹಾಕಿದರಾಯಿತು" ಅಂತ ಓದದೆ ಸಹಿ ಹಾಕಬೇಡಿ. ಇಲ್ಲಿ ಎಲ್ಲವೂ ಅದರಲ್ಲೇ ಇದೆ.

ಹೊಸದೋ, ರೆಡಿಯೋ, ರೀಸೇಲೋ

ಮೂರಕ್ಕೂ ಬೇರೆ ಬೇರೆ ಅಪಾಯ. ಒಂದರ ಬೆಲೆ ಇನ್ನೊಂದಕ್ಕಿಂತ ಕಡಿಮೆ ಅಂತ ಕಂಡರೆ ಆ ಅಪಾಯವೂ ಅದರೊಳಗೆ ಸೇರಿದೆ ಅಂತ ತಿಳಿಯಿರಿ.

ಕಟ್ಟುತ್ತಿರುವ ಕಟ್ಟಡದ ದೊಡ್ಡ ಆಕರ್ಷಣೆ, ದುಡ್ಡನ್ನು ಸ್ಲ್ಯಾಬ್ ಏರಿದ ಹಾಗೆ ಕೊಟ್ಟರಾಯಿತು ಅನ್ನುವುದು. ಇಲ್ಲಿ ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ನಿಮ್ಮ ಪರವಾಗಿ ಇದೆ. ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸದೆ ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. 70 ಆ ಪ್ರಾಜೆಕ್ಟಿನ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಕೈಗೆ ಮನೆ ಬಂದ ಮೇಲೂ 5 ವರ್ಷ ಕಟ್ಟಡದ ದೋಷ ಸರಿಪಡಿಸುವ ಹೊಣೆ ಬಿಲ್ಡರಿನದು.

ಆದರೆ "ರೇರಾ ನಂಬರ್ ಇದೆ" ಅಂದ ಕೂಡಲೇ ಸಮಾಧಾನಪಟ್ಟುಕೊಳ್ಳುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಡೊಂಬಿವಲಿ ಸುತ್ತಮುತ್ತಲಿನ 65 ಕಟ್ಟಡಗಳ ಕತೆ ನೆನಪಿದೆ ಅಲ್ವಾ? ನಗರಪಾಲಿಕೆಯ ಅನುಮತಿ ಪತ್ರವನ್ನೇ ನಕಲಿ ಮಾಡಿ, ಅದನ್ನು ತೋರಿಸಿ ರೇರಾ ನೋಂದಣಿ ಪಡೆದಿದ್ದರು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ಅಲ್ಲಿದ್ದವರಲ್ಲಿ ಸಾಲ ಮಾಡಿ ಮನೆ ಕೊಂಡವರೂ ಇದ್ದರು. ಅಂದರೆ ರೇರಾ ನಂಬರ್ ನೋಡುವುದು ಆರಂಭ ಮಾತ್ರ. ರೇರಾ ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ಪುಟ ತೆರೆದು ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿನ (ಸಿಸಿ, ಅಂದರೆ ಕಟ್ಟಲು ಕೊಡುವ ಅನುಮತಿ) ಪ್ರತಿ ಇಳಿಸಿಕೊಳ್ಳಿ. ಅದರ ನಂಬರನ್ನು ಪಾಲಿಕೆಯ ಟೌನ್ ಪ್ಲಾನಿಂಗ್ ಕಚೇರಿಯಲ್ಲಿ ತಾಳೆ ನೋಡಿಸಿ. ಎಷ್ಟನೆಯ ಮಹಡಿಯ ತನಕ ಅನುಮತಿ ಇದೆ ಅಂತಲೂ ಓದಿ. 14ನೇ ಮಹಡಿಯ ತನಕ ಮಾತ್ರ ಸಿಸಿ ಇದ್ದು, ನಿಮಗೆ 18ನೇ ಮಹಡಿ ಮಾರುತ್ತಿದ್ದರೆ "ಬಂದುಬಿಡುತ್ತೆ" ಅನ್ನುವ ಮಾತಿನ ಮೇಲೆ ದುಡ್ಡು ಕೊಡುತ್ತಿದ್ದೀರಿ ಅಂತ ಅರ್ಥ.

ಅದೇ ಪುಟದಲ್ಲಿ ಇನ್ನೊಂದು ಕಡೆ ಕಣ್ಣಾಡಿಸಿ. ಬಿಲ್ಡರ್ ತಾನೇ ಆ ಪ್ರಾಜೆಕ್ಟನ್ನು ಅಡ ಇಟ್ಟು ಸಾಲ ತೆಗೆದಿದ್ದಾನೆಯೇ? ಮುಂಬೈಯಲ್ಲಿ ಇದು ಸಾಮಾನ್ಯ, ತಪ್ಪೂ ಅಲ್ಲ. ಆದರೆ ಆಗ ನಿಮ್ಮ ಫ್ಲಾಟ್ ನಂಬರ್ ಹಾಕಿದ ಎನ್‌ಒಸಿಯನ್ನು (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಆ ಸಾಲ ಕೊಟ್ಟವರಿಂದ ಬಿಲ್ಡರ್ ತಂದುಕೊಡಬೇಕು. ಬಾಯಿಮಾತಿನ ಭರವಸೆ ಇಲ್ಲಿ ನಡೆಯುವುದಿಲ್ಲ.

ರೆಡಿ ಫ್ಲಾಟ್, ಅಂದರೆ ಓಸಿ ಬಂದು ಬಿಲ್ಡರ್ ಬಳಿಯೇ ಮಾರಾಟವಾಗದೆ ಉಳಿದದ್ದು, ನನ್ನ ಇಷ್ಟದ ಆಯ್ಕೆ. ಚದರಡಿ ಬೆಲೆ ಜಾಸ್ತಿ ಕಾಣುತ್ತದೆ. ಆದರೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವ ಮನೆಗೆ ಶೇ. 5. (45 ಲಕ್ಷದೊಳಗಿನ, ಮುಂಬೈ ವಲಯದಲ್ಲಿ 60 ಚದರ ಮೀಟರಿನೊಳಗಿನ ಕಾರ್ಪೆಟ್ ಏರಿಯಾದ ಮನೆಗೆ ಶೇ. 1.) ಬಾಡಿಗೆಯೂ ಇಎಂಐಯೂ ಒಟ್ಟಿಗೆ ಕಟ್ಟುವ ವರ್ಷಗಳು ಇಲ್ಲ. ಇವೆರಡನ್ನೂ ಕೂಡಿಸಿ ನೋಡಿದರೆ ಬೆಲೆಯ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ. ಓಸಿ ಇಡೀ ಕಟ್ಟಡಕ್ಕೋ, ಕೆಳಗಿನ ಕೆಲವು ಮಹಡಿಗೋ ಅಂತ ಮಾತ್ರ ನೋಡಿಕೊಳ್ಳಿ. ಪಾರ್ಟ್ ಓಸಿ ತೋರಿಸಿ ಪೂರ್ತಿ ಓಸಿ ಅನ್ನುವ ಸೇಲ್ಸ್ ಹುಡುಗರು ಬೇಕಾದಷ್ಟು ಇದ್ದಾರೆ.

ರೀಸೇಲ್ ಕತೆಯೇ ಬೇರೆ. ಮುಲುಂಡ್, ಘಾಟ್ಕೋಪರ್, ವಡಾಲಾ ಕಡೆ ಹಳೆಯ ಸೊಸೈಟಿಗಳಲ್ಲಿ ಮನೆ ನೋಡುವವರಿಗೆ ಬೇರೆ ದಾರಿಯೂ ಕಡಿಮೆ. ಕಟ್ಟಡ ಕಣ್ಣೆದುರಿಗಿದೆ, ನೆರೆಹೊರೆ ಗೊತ್ತು, ನೀರು ಎಷ್ಟು ಹೊತ್ತು ಬರುತ್ತದೆ ಅಂತ ವಾಚ್‌ಮನ್‌ನನ್ನೇ ಕೇಳಬಹುದು. ತೊಡಕು ಇರುವುದೆಲ್ಲ ಕಾಗದದಲ್ಲಿ.

ಮೊದಲನೆಯದು ಚೈನ್. ಬಿಲ್ಡರಿನಿಂದ ಮೊದಲು ಕೊಂಡವರು, ಅವರಿಂದ ಎರಡನೆಯವರು, ಹೀಗೆ ಈಗ ಮಾರುವವರ ತನಕ ಪ್ರತಿ ಅಗ್ರಿಮೆಂಟಿನ ಮೂಲಪ್ರತಿ ಬೇಕು. 1980ರ ದಶಕದ ಕೆಲವು ಫ್ಲಾಟುಗಳಲ್ಲಿ ಮೊದಲ ಅಗ್ರಿಮೆಂಟ್ ರಿಜಿಸ್ಟರ್ ಆಗಿರುವುದಿಲ್ಲ, ಅಥವಾ ಸ್ಟಾಂಪ್ ಡ್ಯೂಟಿ ಪೂರ್ತಿ ಕಟ್ಟಿರುವುದಿಲ್ಲ. ಆಗ ಅಷ್ಟು ಕಟ್ಟುನಿಟ್ಟು ಇರಲಿಲ್ಲ. ಈಗ ಸಾಲ ಕೊಡುವವರು ಅಲ್ಲಿಯೇ ನಿಂತುಬಿಡುತ್ತಾರೆ.

ಎರಡನೆಯದು ನಾಮಿನಿ. ಅಪ್ಪ ತೀರಿಕೊಂಡರು, ಸೊಸೈಟಿಯಲ್ಲಿ ದೊಡ್ಡ ಮಗ ನಾಮಿನಿ, ಶೇರ್ ಸರ್ಟಿಫಿಕೇಟ್ ಅವರ ಹೆಸರಿಗೆ ಆಗಿದೆ, ಅವರೇ ಮಾರುತ್ತಿದ್ದಾರೆ. ನೋಡಲು ಎಲ್ಲ ಸರಿ. ಆದರೆ ನಾಮಿನಿ ಆದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ. ತಾಯಿ, ತಂಗಿ, ತಮ್ಮ ಎಲ್ಲರ ಹಕ್ಕೂ ಇದ್ದೇ ಇರುತ್ತದೆ. ಅವರೆಲ್ಲ ಹಕ್ಕು ಬಿಟ್ಟುಕೊಡುವ ರಿಲೀಸ್ ಡೀಡ್ ರಿಜಿಸ್ಟರ್ ಮಾಡಿಕೊಡಬೇಕು, ಇಲ್ಲವೇ ಮಾರಾಟದಲ್ಲಿ ಸಹಿ ಹಾಕಬೇಕು. ಊರಿನಲ್ಲಿರುವ ಅಕ್ಕ "ಸಹಿಗೇನು, ಆಮೇಲೆ ಮಾಡಿದರಾಯಿತು" ಅಂದರೆ ಟೋಕನ್ (ಮೊದಲ ಸಣ್ಣ ಮುಂಗಡ) ಕೂಡ ಕೊಡಬೇಡಿ.

ಮೂರನೆಯದು ಮಾರುವವರದ್ದೇ ಸಾಲ. ಅವರ ಮನೆಯ ಮೂಲ ಕಾಗದ ಅವರ ಬ್ಯಾಂಕಿನಲ್ಲಿರುತ್ತದೆ. ಅವರು ತಮ್ಮ ಬ್ಯಾಂಕಿನಿಂದ ಬಾಕಿ ಎಷ್ಟು ಅನ್ನುವ ಫೋರ್‌ಕ್ಲೋಶರ್ ಪತ್ರ, ಅಲ್ಲಿರುವ ದಾಖಲೆಗಳ ಪಟ್ಟಿ, ಎರಡನ್ನೂ ತರಬೇಕು. ನಿಮ್ಮ ಬ್ಯಾಂಕ್ ಮೊದಲ ಚೆಕ್ಕನ್ನು ನೇರವಾಗಿ ಅವರ ಬ್ಯಾಂಕಿಗೆ ಕೊಡುತ್ತದೆ. ಸಾಲ ತೀರಿ ಕಾಗದ ಹೊರಬಂದ ಮೇಲೆ ಉಳಿದದ್ದು ಮಾರುವವರಿಗೆ. "ನೀವು ನನಗೇ ಕೊಡಿ, ನಾನು ಸಾಲ ತೀರಿಸಿಕೊಳ್ಳುತ್ತೇನೆ" ಅನ್ನುವ ವ್ಯವಹಾರಕ್ಕೆ ಒಪ್ಪಬೇಡಿ. ಎಷ್ಟೇ ಪರಿಚಯದವರಾದರೂ ಸರಿ.

ಸೊಸೈಟಿಯ ವಿಷಯದಲ್ಲಿ ಒಂದು ಸಣ್ಣ ಲೆಕ್ಕ. ಮಹಾರಾಷ್ಟ್ರದಲ್ಲಿ ಫ್ಲಾಟ್ ಕೈಬದಲಾಗುವಾಗ ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ದಾಟುವಂತಿಲ್ಲ. ಅದರ ಮೇಲೆ "ಡೊನೇಷನ್" ಅಂತ ಲಕ್ಷಗಟ್ಟಲೆ ಕೇಳುವ ಕಮಿಟಿಗಳಿವೆ. ಕೊಡಲೇಬೇಕು ಅನ್ನುವ ನಿಯಮ ಯಾವುದೂ ಇಲ್ಲ. ಪ್ರೀಮಿಯಂ ಯಾರು ಕೊಡಬೇಕು ಅನ್ನುವುದನ್ನೂ ಅಗ್ರಿಮೆಂಟಿನಲ್ಲೇ ಬರೆಸಿ.

ಇನ್ನು ಕನ್ವೇಯನ್ಸ್. ನೀವು ಫ್ಲಾಟ್ ಕೊಂಡಿರಿ, ಸೊಸೈಟಿಯೂ ಆಯಿತು. ಆದರೆ ಕಟ್ಟಡದ ಕೆಳಗಿನ ಜಮೀನು ಯಾರದು? ಬಿಲ್ಡರ್ ಅದನ್ನು ಸೊಸೈಟಿ ಹೆಸರಿಗೆ ಬರೆದುಕೊಡಬೇಕು. ಅದೇ ಕನ್ವೇಯನ್ಸ್. ಮುಂಬೈ, ಠಾಣೆ, ಪುಣೆಯ ಎಷ್ಟೋ ಹಳೆಯ ಸೊಸೈಟಿಗಳಲ್ಲಿ ಜಮೀನು ಇನ್ನೂ ಮೂಲ ಮಾಲೀಕನ ಅಥವಾ ಬಿಲ್ಡರಿನ ಹೆಸರಿನಲ್ಲೇ ಇದೆ. ಬಿಲ್ಡರ್ ಬರೆದುಕೊಡದಿದ್ದರೆ 1963ರ ಮೋಫಾ (ಫ್ಲಾಟ್ ಮಾಲೀಕತ್ವದ) ಕಾಯ್ದೆಯ ಕೆಳಗೆ ಸೊಸೈಟಿಯು ಜಿಲ್ಲಾ ಡೆಪ್ಯುಟಿ ರಿಜಿಸ್ಟ್ರಾರ್ ಹತ್ತಿರ ಡೀಮ್ಡ್ ಕನ್ವೇಯನ್ಸ್ ಕೇಳಬಹುದು. ಅಂದರೆ ಬಿಲ್ಡರ್ ಸಹಿ ಇಲ್ಲದೆಯೇ ಜಮೀನು ಸೊಸೈಟಿಗೆ ಬರುವ ದಾರಿ. ಇಂದು ವಾಸಕ್ಕೆ ಇದರಿಂದ ತೊಂದರೆ ಕಾಣದು. ಆದರೆ 40 ವರ್ಷದ ಕಟ್ಟಡ ಕೊಳ್ಳುವವರ ಮನಸ್ಸಿನಲ್ಲಿ ರೀಡೆವಲಪ್‌ಮೆಂಟ್ (ಹಳೆಯದನ್ನು ಕೆಡವಿ ಹೊಸದು ಕಟ್ಟಿಸುವ) ಆಸೆ ಇದ್ದೇ ಇರುತ್ತದೆ. ಜಮೀನು ಸೊಸೈಟಿಯದಾಗಿರದಿದ್ದರೆ ಆ ಮಾತುಕತೆಯೇ ಕುಂಟುತ್ತದೆ. ಎರಡು ಹಳೆಯ ಸೊಸೈಟಿಗಳ ನಡುವೆ ಆರಿಸುವುದಾದರೆ, ಒಳಗಿನ ಟೈಲ್ಸ್ ನೋಡುವ ಮೊದಲು ಕನ್ವೇಯನ್ಸ್ ಆಗಿರುವುದು ಯಾವುದು ಅಂತ ಕೇಳಿ.

ಕೆಲವು ಕಡೆ ಇನ್ನೂ ಒಂದು ಪದರ ಇರುತ್ತದೆ. ನವಿ ಮುಂಬೈಯಲ್ಲಿ ಸಿಡ್ಕೋ (ಆ ನಗರ ಕಟ್ಟಿದ ಸರ್ಕಾರಿ ಸಂಸ್ಥೆ) ಲೀಸ್ ಜಮೀನಾದರೆ ಸಿಡ್ಕೋ ಒಪ್ಪಿಗೆ, ಅದರ ಶುಲ್ಕ. ಕಲೆಕ್ಟರ್ ಜಮೀನಾದರೆ ಕಲೆಕ್ಟರ್ ಅನುಮತಿ. ಎಸ್‌ಆರ್‌ಎ, ಅಂದರೆ ಕೊಳೆಗೇರಿ ಯೋಜನೆಯ, ಪುನರ್ವಸತಿ ಫ್ಲಾಟನ್ನು ನಿಗದಿತ ವರ್ಷಗಳ ತನಕ ಮಾರುವಂತೆಯೇ ಇಲ್ಲ. ಪಗಡಿ ಮನೆಗೆ ಸಾಮಾನ್ಯವಾಗಿ ಬ್ಯಾಂಕ್ ಸಾಲ ಸಿಗುವುದಿಲ್ಲ, ಅದು ಬಾಡಿಗೆ ಹಕ್ಕು ಅಷ್ಟೇ. ಪುಣೆಯ ಅಂಚಿನಲ್ಲಿ ಗುಂಠೆ ಲೆಕ್ಕದಲ್ಲಿ ಮಾರುವ ಪ್ಲಾಟುಗಳನ್ನು ನಾನು ಈ ಹೋಲಿಕೆಗೇ ಸೇರಿಸುವುದಿಲ್ಲ.

ಮೂವರು ವಕೀಲರಲ್ಲಿ ನಿಮ್ಮವರು ಯಾರು?

"ಬ್ಯಾಂಕಿನ ವಕೀಲರು ನೋಡ್ತಾರಲ್ಲ, ಮತ್ತೆ ಬೇರೆ ಯಾಕೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ಬ್ಯಾಂಕಿನ ಪ್ಯಾನೆಲ್ ವಕೀಲರು ಟೈಟಲ್ ನೋಡುತ್ತಾರೆ, ನಿಜ. ಫೀಸು ನೀವೇ ಕಟ್ಟುತ್ತೀರಿ, ಅದೂ ನಿಜ. ಆದರೆ ಅವರು ಉತ್ತರ ಕೊಡುವುದು ಬ್ಯಾಂಕಿಗೆ. ಬ್ಯಾಂಕ್ ಕೊಟ್ಟ ಹಣ ವಾಪಸ್ ಬರುತ್ತದೆಯೇ ಅನ್ನುವುದು ಅವರ ಪ್ರಶ್ನೆ. ಪಾರ್ಕಿಂಗ್ ಅಗ್ರಿಮೆಂಟಿನಲ್ಲಿ ಬರೆದಿದೆಯೇ, ಮನೆ ಕೊಡುವುದು ತಡವಾದರೆ ಬಿಲ್ಡರ್ ಏನು ಕೊಡಬೇಕು, ನೀವು ಹಿಂದೆ ಸರಿದರೆ ಎಷ್ಟು ಮುಟ್ಟುಗೋಲು, ಇದೆಲ್ಲ ಅವರ ತಲೆನೋವಲ್ಲ. ವರದಿಯ ಪ್ರತಿ ನಿಮ್ಮ ಕೈಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಮನೆ ಕೈತಪ್ಪಿದರೂ ನಿಮ್ಮ ಇಎಂಐ ನಿಲ್ಲುವುದಿಲ್ಲ.

ಬಿಲ್ಡರಿನ ವಕೀಲರ ಟೈಟಲ್ ರಿಪೋರ್ಟ್ ರೇರಾ ಪುಟದಲ್ಲಿ ಸಿಗುತ್ತದೆ. ಓದಿ, ಆದರೆ ಅದು ಮಾರುವವರ ಮಾತು ಅನ್ನುವುದು ನೆನಪಿರಲಿ.

ಮೂರನೆಯವರು ನೀವೇ ದುಡ್ಡು ಕೊಟ್ಟು ಇಟ್ಟುಕೊಳ್ಳುವವರು. ಓಸಿ ಬಂದ, ಹೆಸರಾಂತ ಬಿಲ್ಡರಿನ ಹೊಸ ಫ್ಲಾಟಿಗೆ ನಾಲ್ಕಾರು ಬ್ಯಾಂಕುಗಳು ಮುಂಚೆಯೇ ಪ್ರಾಜೆಕ್ಟ್ ಮಂಜೂರು ಮಾಡಿದ್ದರೆ, ಅಗ್ರಿಮೆಂಟ್ ಓದಿ ಹೇಳುವಷ್ಟು ಮಾತ್ರ ಅವರ ಸಹಾಯ ಸಾಕು. ರೀಸೇಲ್ ಆದರೆ, ಅದರಲ್ಲೂ ವಾರಸುದಾರರು, ಪವರ್ ಆಫ್ ಅಟಾರ್ನಿ, ವಿದೇಶದಲ್ಲಿರುವ ಮಾಲೀಕರು ಬಂದರೆ, ಸ್ವಂತ ವಕೀಲರು ಬೇಕೇ ಬೇಕು. ಇಲ್ಲಿ ಜಿಪುಣತನ ಮಾಡಬೇಡಿ. ಬ್ರೋಕರಿಗೆ ಶೇ. 1-2 ಕೊಡಲು ಹಿಂದೆಮುಂದೆ ನೋಡದವರು ವಕೀಲರ ಫೀಸಿಗೆ ಚೌಕಾಶಿ ಮಾಡುವುದು ನನಗೆ ಅರ್ಥವೇ ಆಗುವುದಿಲ್ಲ. ಒಂದು ವಿಷಯ: ಆ ವಕೀಲರು ಬ್ರೋಕರ್ ಕರೆತಂದವರಾಗಿರಬಾರದು. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ರಿಜಿಸ್ಟ್ರೇಷನ್ ಮಾಡಿಸಿಕೊಡುವ ಏಜೆಂಟನ್ನು ವಕೀಲರು ಅಂತ ತಿಳಿಯಬೇಡಿ. ಅವರ ಕೆಲಸ ಚಲನ್, ಟೋಕನ್, ಹೆಬ್ಬೆಟ್ಟಿನ ಸಾಲು. ಅದನ್ನು ಚೆನ್ನಾಗಿಯೇ ಮಾಡುತ್ತಾರೆ.

ಕೈಯಿಂದ ಎಷ್ಟು ಹಾಕಬೇಕು?

ಠಾಣೆಯಲ್ಲಿ 80 ಲಕ್ಷದ ಫ್ಲಾಟ್ ಅಂತ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದ ತನಕದ ಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದರ ಮೇಲೆ ಶೇ. 75 ಗರಿಷ್ಠ ಮಿತಿ. ಹಾಗಾಗಿ ಹೆಚ್ಚೆಂದರೆ 64 ಲಕ್ಷ ಸಾಲ. 16 ಲಕ್ಷ ನಿಮ್ಮದು. ಸ್ಟಾಂಪ್ ಡ್ಯೂಟಿ ಠಾಣೆ, ಪುಣೆಯಲ್ಲಿ ಶೇ. 7, ಮುಂಬೈ ನಗರದಲ್ಲಿ ಶೇ. 6. ಅಂದರೆ ಇಲ್ಲಿ 5 ಲಕ್ಷ 60 ಸಾವಿರ. ನೋಂದಣಿ ಶುಲ್ಕ 30,000, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚನ್ನು ಸಾಲದ ಲೆಕ್ಕಕ್ಕೆ ಮನೆ ಬೆಲೆಯಲ್ಲಿ ಸೇರಿಸುವಂತಿಲ್ಲ. ಅಲ್ಲಿಗೇ ಹತ್ತಿರ ಹತ್ತಿರ 22 ಲಕ್ಷ. ಕಟ್ಟುತ್ತಿರುವ ಕಟ್ಟಡವಾದರೆ ಜಿಎಸ್‌ಟಿ 4 ಲಕ್ಷ ಬೇರೆ. ಬ್ರೋಕರ್, ವಕೀಲರು, ಸೊಸೈಟಿ ಇನ್ನೂ ಬಂದಿಲ್ಲ. "ಶೇ. 20 ಇದ್ದರೆ ಸಾಕು" ಅನ್ನುವವರ ಮಾತು ನಂಬಬೇಡಿ. ಶೇ. 30 ಕೈಯಲ್ಲಿರಲಿ.

ಮನೆ ಹೆಂಡತಿಯ ಅಥವಾ ಅಮ್ಮನ ಹೆಸರಿನಲ್ಲಿ ಮಾತ್ರ ಕೊಂಡರೆ ಸ್ಟಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ. ಗಂಡನ ಹೆಸರೂ ಜೊತೆಗೆ ಸೇರಿದರೆ ಅದು ಸಿಗುವುದಿಲ್ಲ. ಮೇಲಿನ ಲೆಕ್ಕದಲ್ಲಿ 80,000 ಉಳಿತಾಯ. ಸಾಲದಲ್ಲಿ ಇಬ್ಬರೂ ಇರಬಹುದೇ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದು. ಇದು ಹೆಚ್ಚಿನ ಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಹಿಡಿಯುವುದು. ಮಾರುವವರು ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ನಮ್ಮ ಮಂಗಳೂರು ಕಡೆಯವರಾದರೆ ಈ ಶೇ. 1 ನಿಯಮ ನಡೆಯದು. ಆಗ ಹಿಡಿಯಬೇಕಾದದ್ದು ಎಷ್ಟೋ ಪಟ್ಟು ಜಾಸ್ತಿ, 50 ಲಕ್ಷದ ಮಿತಿಯೂ ಇಲ್ಲ. ಸಿಎ ಹತ್ತಿರ ಕೇಳದೆ ಮುಂದೆ ಹೋಗಬೇಡಿ.

ಈಗ ಸಾಲ

ಒಂದು ಕಾಲದಲ್ಲಿ ಮುಂಬೈಯ ಕನ್ನಡಿಗರಿಗೆ ಈ ಪ್ರಶ್ನೆ ಸುಲಭವಿತ್ತು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕೆನರಾ, ಎಲ್ಲ ಕರಾವಳಿಯಲ್ಲಿ ಹುಟ್ಟಿದವು. ಮಾಟುಂಗಾ ಶಾಖೆಯಲ್ಲಿ ಊರಿನವರೇ ಯಾರಾದರೂ ಇರುತ್ತಿದ್ದರು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋದವು. ಈಗ ಪರಿಚಯದ ಲೆಕ್ಕ ಬಿಟ್ಟು ಸ್ವಭಾವದ ಲೆಕ್ಕದಲ್ಲಿ ಆರಿಸಬೇಕು.

ಸರ್ಕಾರಿ ಬ್ಯಾಂಕ್ ಸಂಬಳದವರಿಗೆ ನನ್ನ ಮೊದಲ ಸಲಹೆ. ಶುಲ್ಕ ಸಾಮಾನ್ಯವಾಗಿ ಕಡಿಮೆ, ಕಾಗದ ಕೆದಕುವುದು ಜಾಸ್ತಿ. ಆ ಕೆದಕುವಿಕೆ ಕಿರಿಕಿರಿಯಾದರೂ ನಿಮಗೆ ಪುಕ್ಕಟೆ ಎರಡನೇ ಪರೀಕ್ಷೆ. ತೊಂದರೆ ಅಂದರೆ ಸಮಯ. ಮಾರುವವರು ತಿಂಗಳೊಳಗೆ ಪೂರ್ತಿ ಹಣ ಕೇಳಿದರೆ, ಶಾಖೆಯಿಂದ ಸಾಲ ವಿಭಾಗಕ್ಕೆ, ಅಲ್ಲಿಂದ ವಕೀಲರಿಗೆ ಫೈಲ್ ಓಡಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅದಕ್ಕೇ ಅಗ್ರಿಮೆಂಟಿನಲ್ಲಿ ದಿನ ಜಾಸ್ತಿ ಇಟ್ಟುಕೊಳ್ಳಿ.

ಖಾಸಗಿ ಬ್ಯಾಂಕ್ ಚುರುಕು. ಮನೆಗೇ ಬಂದು ಕಾಗದ ಒಯ್ಯುತ್ತಾರೆ. ಹಾಗೆ ಬರುವವರು ಎಷ್ಟೋ ಸಲ ಕಮಿಷನ್ ಏಜೆಂಟ್. ಅವರು ಹೇಳಿದ ಬಡ್ಡಿ ಸ್ಯಾಂಕ್ಷನ್ ಲೆಟರಿನಲ್ಲಿ ಕಾಣದಿದ್ದರೆ ಅದನ್ನು ಮರೆತುಬಿಡಿ. ಇಲ್ಲಿ ಎಚ್ಚರ ಬೇಕಾದದ್ದು ವಿಮೆಗೆ. ಒಂದೇ ಕಂತಿನ ದೊಡ್ಡ ಪ್ರೀಮಿಯಂ ಸಾಲಕ್ಕೇ ಸೇರಿಸಿ, 20 ವರ್ಷ ಅದರ ಮೇಲೂ ಬಡ್ಡಿ ತೆಗೆದುಕೊಳ್ಳುವುದು ಹಳೆಯ ಚಾಳಿ. ಸಾಲದಷ್ಟು ವಿಮೆ ಇರಬೇಕಾದದ್ದೇ. ಆದರೆ ಅವರ ಹತ್ತಿರವೇ ತೆಗೆದುಕೊಳ್ಳಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಬೇರೆ ಟರ್ಮ್ ಪಾಲಿಸಿ ಇದ್ದರೆ ಅದನ್ನು ತೋರಿಸಿ.

ಹೌಸಿಂಗ್ ಫೈನಾನ್ಸ್ ಕಂಪನಿಗಳದ್ದು ಬೇರೆ ಜಾತಿ. ಬ್ಯಾಂಕುಗಳು 2019ರ ಅಕ್ಟೋಬರಿನಿಂದ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲವನ್ನು ರಿಸರ್ವ್ ಬ್ಯಾಂಕಿನ ರೆಪೋದಂತಹ ಹೊರಗಿನ ದರಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಬದಲಿಸಬೇಕು. ಈ ಕಂಪನಿಗಳಿಗೆ ಆ ನಿಯಮ ಇಲ್ಲ. ತಮ್ಮದೇ ದರ ಇಟ್ಟುಕೊಳ್ಳುತ್ತವೆ. ಹೊಸಬರಿಗೆ ಕಡಿಮೆ ಬಡ್ಡಿ, ಹಳಬರಿಗೆ ಹಳೆಯ ಬಡ್ಡಿ. ಇಳಿಸಬೇಕಾದರೆ ಕನ್ವರ್ಶನ್ ಫೀ ಕಟ್ಟಿ ಅನ್ನುವುದು ಸಾಮಾನ್ಯ. ಹಾಗಂತ ತಳ್ಳಿಹಾಕುವಂತಿಲ್ಲ. ಹೋಟೆಲ್ ನಡೆಸುವವರು, ಕ್ಯಾಂಟೀನ್ ಗುತ್ತಿಗೆಯವರು, ರಿಟರ್ನ್‌ನಲ್ಲಿ ಆದಾಯ ಕಡಿಮೆ ತೋರಿಸಿರುವವರು, ಇವರ ಗಲ್ಲಾಪೆಟ್ಟಿಗೆ ನೋಡಿ ಸಾಲ ಕೊಡುವ ತಾಳ್ಮೆ ಈ ಕಂಪನಿಗಳಿಗೆ ಇದೆ. ಆ ತಾಳ್ಮೆಗೆ ಬೆಲೆ ಬಡ್ಡಿಯಲ್ಲಿ ಬರುತ್ತದೆ. ಮೂರು ನಾಲ್ಕು ವರ್ಷ ಸರಿಯಾಗಿ ಕಟ್ಟಿ, ರಿಟರ್ನ್ ಸರಿ ಮಾಡಿಕೊಂಡು ಬ್ಯಾಂಕಿಗೆ ಸಾಲ ವರ್ಗಾಯಿಸುವ ಯೋಚನೆ ಇಟ್ಟುಕೊಂಡೇ ಇಲ್ಲಿಗೆ ಹೋಗಿ.

ಸಹಕಾರಿ ಬ್ಯಾಂಕುಗಳಲ್ಲಿ ನಮ್ಮವರ ಬೇರು ಆಳವಾಗಿದೆ. 1906ರಲ್ಲಿ ಚಿತ್ರಾಪುರ ಸಾರಸ್ವತರು ಶುರು ಮಾಡಿದ ಶಾಮರಾವ್ ವಿಠಲ್ ಬ್ಯಾಂಕ್ ಇದೆ, ಬಿಲ್ಲವ ಸಮಾಜದವರು ಕಟ್ಟಿದ ಭಾರತ್ ಬ್ಯಾಂಕ್ ಇದೆ. ಸಣ್ಣ ವ್ಯಾಪಾರದವರ ಮುಖಪರಿಚಯ ಇಲ್ಲಿ ಇನ್ನೂ ಲೆಕ್ಕಕ್ಕೆ ಬರುತ್ತದೆ. ಶೇರು ಕೊಂಡು ಸದಸ್ಯರಾಗಬೇಕಾಗಬಹುದು, ಜಾಮೀನುದಾರರನ್ನು ಕೇಳಬಹುದು. ದರ ಯಾವುದಕ್ಕೆ ಕಟ್ಟಿದ್ದು ಅಂತ ಕೇಳಿ ಬರೆಸಿಕೊಳ್ಳಿ.

ಇನ್ನು ಆ ಕಾಲು ಪರ್ಸೆಂಟ್. 50 ಲಕ್ಷ, 20 ವರ್ಷ, ಶೇ. 8.5 ಅಂತ ಉದಾಹರಣೆಗೆ ಹಿಡಿದರೆ ಇಎಂಐ ಸುಮಾರು 43,390. ಶೇ. 8.75 ಆದರೆ 44,190. ತಿಂಗಳಿಗೆ 800, ಒಟ್ಟು 1 ಲಕ್ಷ 90 ಸಾವಿರ. ಸಣ್ಣದಲ್ಲ. ಆದರೆ ಅದೇ ಸಾಲವನ್ನು ಶೇ. 8.5ರಲ್ಲೇ 30 ವರ್ಷಕ್ಕೆ ಎಳೆದರೆ ಇಎಂಐ 38,450ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 54 ಲಕ್ಷದಿಂದ 88 ಲಕ್ಷಕ್ಕೆ ಏರುತ್ತದೆ. ಕಾಲು ಪರ್ಸೆಂಟಿಗಾಗಿ ಬ್ಯಾಂಕ್ ಬ್ಯಾಂಕ್ ಅಲೆಯುವವರು ಅವಧಿಯ ಡಬ್ಬಿಯಲ್ಲಿ 30 ಅಂತ ತುಂಬಿ ಬರುವುದನ್ನು ನೋಡಿದ್ದೇನೆ. ಆರಂಭದಲ್ಲಿ ಕಷ್ಟ ಅಂತ 30 ವರ್ಷ ತೆಗೆದುಕೊಂಡರೂ ಬೋನಸ್ ಬಂದಾಗ ಅಸಲಿಗೆ ಕಟ್ಟುತ್ತಾ ಹೋಗಿ. ವೈಯಕ್ತಿಕ ಫ್ಲೋಟಿಂಗ್ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಫಿಕ್ಸೆಡ್ ಆದರೆ ಷರತ್ತು ನೋಡಬೇಕು. ಫಿಕ್ಸೆಡ್ ಅನ್ನುವುದೂ ಎಷ್ಟೋ ಸಲ ಮೊದಲ ಎರಡು ಮೂರು ವರ್ಷಕ್ಕೆ ಮಾತ್ರ.

ಹೋಲಿಸುವಾಗ ಜಾಹೀರಾತಿನ ದರ ಬದಿಗಿಡಿ. 2024ರ ಅಕ್ಟೋಬರಿನಿಂದ ಸಾಲ ಕೊಡುವ ಪ್ರತಿಯೊಬ್ಬರೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು. ಬಡ್ಡಿ, ಪ್ರೊಸೆಸಿಂಗ್ ಫೀ, ಇತರ ಖರ್ಚು ಎಲ್ಲ ಕೂಡಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವ ಎಪಿಆರ್ ಅದರಲ್ಲಿರುತ್ತದೆ. ಎರಡು ಮೂರು ಕಡೆಯಿಂದ ಆ ಹಾಳೆ ತಂದು ಪಕ್ಕಪಕ್ಕ ಇಡಿ. ಕಟ್ಟುತ್ತಿರುವ ಮನೆಯಾದರೆ ಪ್ರೀ-ಇಎಂಐ ಬಗ್ಗೆಯೂ ಕೇಳಿ. ಮನೆ ಸಿಗುವ ತನಕ ಬಡ್ಡಿ ಮಾತ್ರ ಕಟ್ಟುವ ವ್ಯವಸ್ಥೆ ಅದು. ಅಸಲು ಒಂದು ಪೈಸೆ ಇಳಿಯುವುದಿಲ್ಲ. ಬಾಡಿಗೆ ಭಾರ ತಡೆಯಬಹುದಾದರೆ ಪೂರ್ತಿ ಇಎಂಐ ಶುರು ಮಾಡುವುದೇ ವಾಸಿ.

ತೆರಿಗೆ ಉಳಿಯುತ್ತದೆ ಅಂತ ಸಾಲ ದೊಡ್ಡದು ಮಾಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತ ಸಿಗುವುದಿಲ್ಲ.

ಟೋಕನ್ ಕೊಡುವ ಹೊತ್ತಿಗೆ

"ಮೊದಲು ಟೋಕನ್ ಕೊಡಬೇಕೋ, ಸಾಲ ಮಂಜೂರು ಮಾಡಿಸಬೇಕೋ?" ಎರಡು ಹಂತ ಮಾಡಿ. ಆದಾಯದ ಮೇಲೆ ಎಷ್ಟು ಸಾಲ ಸಿಗುತ್ತದೆ ಅನ್ನುವ ಮಂಜೂರಾತಿ ಮನೆ ನೋಡುವ ಮೊದಲೇ ಪಡೆಯಬಹುದು. ಮನೆ ಸಿಕ್ಕ ಮೇಲೆ ಕಾಗದದ ಜೆರಾಕ್ಸ್ ಕೇಳಿ, ವಕೀಲರಿಗೆ ತೋರಿಸಿ, ಆಮೇಲೆ ಸಣ್ಣ ಟೋಕನ್ ಕೊಡಿ. ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಿ. ರಸೀದಿಯಲ್ಲಿ ಒಂದು ಸಾಲು ಇರಲಿ: ಟೈಟಲ್ ಸರಿಯಿಲ್ಲದಿದ್ದರೆ ಅಥವಾ ಕಾಗದದ ಕಾರಣಕ್ಕೆ ಬ್ಯಾಂಕ್ ಸಾಲ ನಿರಾಕರಿಸಿದರೆ ಟೋಕನ್ ಪೂರ್ತಿ ವಾಪಸ್. ಈ ಸಾಲು ಬರೆಯಲು ಒಪ್ಪದ ಮಾಲೀಕರಿಗೆ ತಮ್ಮ ಕಾಗದದ ಮೇಲೆ ಎಷ್ಟು ನಂಬಿಕೆ ಇದೆ ಅಂತ ನೀವೇ ಯೋಚಿಸಿ.

ಒಂದು ಬ್ಯಾಂಕ್ ಕಾಗದದ ಕಾರಣಕ್ಕೆ ಬೇಡ ಅಂದರೆ ತಕ್ಷಣ ಇನ್ನೊಂದಕ್ಕೆ ಓಡಬೇಡಿ. ಯಾಕೆ ಬೇಡ ಅಂದರು, ಕೇಳಿ. ಆದಾಯದ ಕಾರಣ ಆದರೆ ಬೇರೆ ಕಡೆ ಹೋಗಬಹುದು. ಟೈಟಲ್ ಕಾರಣ ಆದರೆ, "ನಾವು ಮಾಡಿಸಿಕೊಡ್ತೀವಿ ಸರ್" ಅನ್ನುವ ಏಜೆಂಟ್ ಸಿಕ್ಕೇ ಸಿಗುತ್ತಾನೆ. ಆ ಮನೆಯನ್ನು ನಾಳೆ ನೀವು ಮಾರಲು ಹೋದಾಗ ಕೊಳ್ಳುವವರ ಬ್ಯಾಂಕೂ ಅದೇ ಮಾತು ಹೇಳುತ್ತದೆ.

ಸಾಲಕ್ಕೆ ಮನೆ ಅಡ ಇಟ್ಟ ದಿನದಿಂದ 30 ದಿನದೊಳಗೆ ನೋಟಿಸ್ ಆಫ್ ಇಂಟಿಮೇಷನ್ ದಾಖಲು ಮಾಡಬೇಕು. ಮನೆ ಕಾಗದ ಇಂಥ ಬ್ಯಾಂಕಿನಲ್ಲಿ ಅಡ ಇದೆ ಅಂತ ನೋಂದಣಿ ಇಲಾಖೆಗೆ ತಿಳಿಸುವುದು ಇದು. ಬಹಳಷ್ಟು ಸಲ ಬ್ಯಾಂಕಿನವರೇ ಮಾಡಿಸುತ್ತಾರೆ, ಆದರೂ ಕೇಳಿ ರಸೀದಿ ತೆಗೆದಿಡಿ. ಬ್ಯಾಂಕಿಗೆ ಕೊಟ್ಟ ಮೂಲ ದಾಖಲೆಗಳ ಪಟ್ಟಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಅವನ್ನೆಲ್ಲ ಹಿಂದಿರುಗಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2023ರ ಡಿಸೆಂಬರಿನಿಂದ, ಅವರ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಪಟ್ಟಿ ಕೈಯಲ್ಲಿಲ್ಲದಿದ್ದರೆ ಯಾವ ಕಾಗದ ಬಂದಿಲ್ಲ ಅಂತ ತೋರಿಸುವುದು ಕಷ್ಟ. ಕಾಗದ ಕೈಗೆ ಬಂದ ಮೇಲೆ ಬ್ಯಾಂಕಿನ ನೋ ಡ್ಯೂ ಪತ್ರ ಹಿಡಿದು ಸೊಸೈಟಿ ಆಫೀಸಿಗೆ ಹೋಗಿ. ಅಲ್ಲಿನ ರಿಜಿಸ್ಟರಿನಲ್ಲಿ ಬ್ಯಾಂಕಿನ ಹೆಸರು ಬರೆದಿರುತ್ತಾರೆ, ಅದನ್ನು ತೆಗೆಸಿ.